ಹನ್ನೊಂದು ಗಂಟೆಯ ಸಾಂಬಾರೂ ಹದಿಮೂರನೆಯ ಗಾಳಿಯೂ

ಪುಣೆಯ ಪಿಂಪ್ರಿಯ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿರುವ ಸಂಕಪ್ಪನ ಹೋಟೆಲಿನಲ್ಲಿ ಸಾಂಬಾರಿನ ಟೋಪು, ಅಂದರೆ ದೊಡ್ಡ ಪಾತ್ರೆ, ದಿನಕ್ಕೆ ಎರಡು ಸಲ ಒಲೆಯಿಂದ ಇಳಿಯುತ್ತದೆ. ಮೊದಲ ಟೋಪು ಬೆಳಿಗ್ಗೆ ಆರಕ್ಕೆ, ಪಾಳಿ ಮುಗಿಸಿ ಬರುವವರಿಗೆ. ಎರಡನೆಯದು ಹನ್ನೊಂದಕ್ಕೆ. ಬೆಳಗಿನ ಟೋಪು ಇಳಿದ ಕೂಡಲೇ ಅದರಿಂದ ಒಂದು ಸೌಟು ತೆಗೆದು ಸ್ಟೀಲಿನ ಬಟ್ಟಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ. ಹನ್ನೊಂದಕ್ಕೆ ಎರಡನೆಯ ಟೋಪಿನಿಂದಲೂ ಒಂದು ಬಟ್ಟಲು ತೆಗೆಯುತ್ತಾರೆ. ಎರಡೂ ಅಪ್ಪಿಯಮ್ಮನ ಮುಂದೆ ಬರುತ್ತವೆ. ಅವರು ಹೇಳುವ ತನಕ ಎರಡನೆಯ ಟೋಪಿಗೆ ಯಾರೂ ಸೌಟು ಹಾಕುವ ಹಾಗಿಲ್ಲ.

ಈ ಕಟ್ಟಳೆ ಅವರ ಗಂಡ ಸಂಕಪ್ಪನವರದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗ ಹೋಟೆಲು ನಡೆಸುವವನು ಮಗ ಸುಖೇಶ್, ಗಲ್ಲಾದಲ್ಲಿ ಕೂರುವವಳು ಸೊಸೆ ರಕ್ಷಿತ. ಟೇಬಲು ಬದಲಾಗಿವೆ, ಗೋಡೆಯ ಬಣ್ಣ ಮೂರು ಸಲ ಬದಲಾಗಿದೆ, ಬಟ್ಟಲಿನ ಕಟ್ಟಳೆ ಬದಲಾಗಿಲ್ಲ. ಅಪ್ಪಿಯಮ್ಮನಿಗೆ ಎಪ್ಪತ್ತೆರಡು. ನಲವತ್ತಮೂರು ವರ್ಷದಿಂದ ಅವರು ಮಾಡಿಕೊಂಡು ಬಂದ ಕೆಲಸ ಇದೊಂದೇ ಎಂದಲ್ಲ. ಅಕ್ಕಿ ಆರಿಸಿದ್ದಾರೆ, ಉದ್ದು ರುಬ್ಬಿದ್ದಾರೆ, ಪಾತ್ರೆಯನ್ನೂ ತಿಕ್ಕಿದ್ದಾರೆ. ಆದರೆ ಅವೆಲ್ಲ ಬೇರೆಯವರೂ ಮಾಡಬಹುದಾದ ಕೆಲಸಗಳು. ಎರಡನೆಯದು ಮೊದಲನೆಯದಕ್ಕೆ ಸಮ ಇದೆಯೋ ಇಲ್ಲವೋ ಎಂದು ಹೇಳುವುದು ಮಾತ್ರ ಅವರದೇ.

ಅದಕ್ಕೊಂದು ಕ್ರಮವಿತ್ತು. ಮೊದಲು ಎರಡನೆಯದರ ರುಚಿ ನೋಡಬೇಕು, ಆಮೇಲೆ ಮೊದಲನೆಯದರದು. ನಡುವೆ ಎರಡು ಗುಟುಕು ನೀರು. ಬಿಸಿಯಿರುವಾಗ ನೋಡಬಾರದು, ಬಿಸಿಯಲ್ಲಿ ಎಲ್ಲ ಸಾಂಬಾರೂ ಒಂದೇ ಥರ ಕಾಣುತ್ತದೆ. "ಚೆನ್ನಾಗಿಲ್ಲ" ಎಂದು ಹೇಳಬಾರದು; ಹುಳಿ ಮುಂದೆ ಬಂದಿದೆ, ಬೇಳೆ ಹಿಂದೆ ನಿಂತಿದೆ, ಹೀಗೆ ಸರಿ ಮಾಡಲು ಬರುವ ಹಾಗೆ ಹೇಳಬೇಕು. ಎಲ್ಲಕ್ಕಿಂತ ಮುಖ್ಯ, ನೆನಪಿನ ರುಚಿಯ ಮೇಲೆ ಮಾತಾಡಬಾರದು. ಬೆಳಗಿನದು ಚೆನ್ನಾಗಿತ್ತು ಎಂದು ನೆನಪಿದ್ದರೆ ಸಾಲದು, ಬಟ್ಟಲು ಮುಂದೆ ಇರಬೇಕು.

ಓದು ಅವರಿಗೆ ಬಂದದ್ದು ತಡವಾಗಿ. ಕಾರ್ಕಳದ ಕಡೆಯ ಊರಿನಲ್ಲಿ ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಆಮೇಲೆ ಓದಿದ್ದೆಂದರೆ ಗೋಣಿಚೀಲದ ಮೇಲಿನ ಅಕ್ಷರ. ಲಾಕ್‌ಡೌನಿನಲ್ಲಿ ಹೋಟೆಲಿನ ಶಟರು ಕೆಳಗಿಳಿದಾಗ ರಕ್ಷಿತ ಫೋನಿನಲ್ಲಿ ಒಂದು ಕಥೆ ಓದಿ ಹೇಳಲು ಶುರು ಮಾಡಿದಳು. ಅವಳು ಪುಣೆಯಲ್ಲೇ ಹುಟ್ಟಿ, ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿತವಳು. ಕಥೆಯ ಹೆಸರು 'ಹನ್ನೆರಡು ಗಾಳಿಗಳ ನಾಡು'. ವಾರಕ್ಕೆರಡು ಅಧ್ಯಾಯ ಆ್ಯಪಿನಲ್ಲಿ ಬರುತ್ತಿತ್ತು. ಹನ್ನೆರಡು ಗಾಳಿಗಳನ್ನು ಹನ್ನೆರಡು ಗಡಿಗೆಗಳಲ್ಲಿ ಕಟ್ಟಿ ಹಾಕಿದ ಒಬ್ಬ ರಾಜ. ಕಪ್ಪು ಹಕ್ಕಿಯ ಮೇಲೆ ಕೂತು ಹಾರುವ ಅವನ ಸೇನಾಪತಿ ಕರಾಳಸೇನ. ಒಂದೊಂದೇ ಗಡಿಗೆ ಒಡೆದು ಗಾಳಿಗಳನ್ನು ಬಿಡಿಸುವ ತಾರಿಣಿ ಎಂಬ ಹುಡುಗಿ. ಬರೆದವಳು ಪ್ರಣೀತಾ. ಮನೆಯಲ್ಲಿ ಅತ್ತೆ ಸೊಸೆ ಆಡುವುದು ತುಳು. ಕಥೆಯ ಮಾತು ಬಂದರೆ ಮಾತ್ರ ತಮಗೇ ತಿಳಿಯದೆ ಕನ್ನಡಕ್ಕೆ ಹೊರಳುತ್ತಿದ್ದರು.

ಮೂವತ್ತೊಂದನೆಯ ಅಧ್ಯಾಯಕ್ಕೆ ಬರುವಾಗ ಶಟರು ಮೇಲೆ ಹೋಯಿತು. ರಕ್ಷಿತಳಿಗೆ ಪುರುಸೊತ್ತು ಹೋಯಿತು. ತಾರಿಣಿ ಐದನೆಯ ಗಡಿಗೆಯ ಮುಂದೆ ಕಲ್ಲು ಹಿಡಿದು ನಿಂತಿದ್ದಳು. ಅಪ್ಪಿಯಮ್ಮ ಎಂಟು ದಿನ ಕಾದರು. ಒಂಬತ್ತನೆಯ ದಿನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಕಲ್ಲು ಗಡಿಗೆಗೆ ಬೀಳುವ ತನಕ ಓದಿದರು. ಅದಕ್ಕೆ ಮೂರು ದಿನ ಬೇಕಾಯಿತು. ಎಂಬತ್ತಾರನೆಯ ಅಧ್ಯಾಯಕ್ಕೆ ಕಥೆ ಮುಗಿಯುವಾಗ ಒಂದು ಅಧ್ಯಾಯಕ್ಕೆ ಒಂದು ಗಂಟೆ ಸಾಕಾಗುತ್ತಿತ್ತು. ಈಗ ಅರ್ಧ ಗಂಟೆ.

ಎರಡು ವರ್ಷ ಬಿಟ್ಟು ಎರಡನೆಯ ಭಾಗ ಬಂತು, 'ಹದಿಮೂರನೆಯ ಗಾಳಿ'. ಮೂವತ್ತು ವರ್ಷ ಕಳೆದಿದೆ. ತಾರಿಣಿಯ ಕೂದಲು ನರೆತಿದೆ, ಮಂಡಿ ನೋವು. ಗಾಳಿಗಳೆಲ್ಲ ಸ್ವತಂತ್ರವಾಗಿ ಹೋಗಿವೆ, ಅವಳ ಮಾತು ಕೇಳುವ ಒಂದು ಗಾಳಿಯೂ ಉಳಿದಿಲ್ಲ. ಯಾರೂ ಸದ್ದು ಕೇಳದ ಹದಿಮೂರನೆಯ ಗಾಳಿಯೊಂದು ಇದೆ ಎಂಬ ಸುದ್ದಿ ಹಿಡಿದು ಅವಳು ನಡೆದು ಹೊರಡುತ್ತಾಳೆ. ಇಪ್ಪತ್ತಮೂರು ಅಧ್ಯಾಯ ನಡೆಯುತ್ತಾಳೆ. ಇಪ್ಪತ್ತಮೂರರ ಕೊನೆಗೆ, ಆಚೆ ದಡ ಕಾಣದ ಒಂದು ತೂಗುಸೇತುವೆಯ ಮೇಲೆ ಕಾಲಿಡುತ್ತಾಳೆ. ಇಪ್ಪತ್ತನಾಲ್ಕರಲ್ಲಿ, ಸತ್ತುಹೋಗಿದ್ದ ಕರಾಳಸೇನ ಕಪ್ಪು ಹಕ್ಕಿಯ ಮೇಲೆ ಬಂದು ಸೇತುವೆಯ ಮೇಲಿಂದ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅಲ್ಲಿಂದ ಎಂಟು ಅಧ್ಯಾಯ ಬರೀ ಯುದ್ಧ.

ಓದುಗರು ಹರಿದು ತಿಂದರು. ಮೊದಲು, ಮುದುಕಿ ನಡೆಯುವುದನ್ನು ಎಷ್ಟು ಓದಬೇಕು ಎಂದು. ಆಮೇಲೆ, ಇದು ಮೊದಲ ಭಾಗದ ನಕಲು ಎಂದು. ಮೊದಲ ಭಾಗಕ್ಕೆ ಐದಕ್ಕೆ ಐದರ ಹತ್ತಿರ ಇದ್ದ ನಕ್ಷತ್ರ ಎರಡನೆಯದಕ್ಕೆ ಮೂರಕ್ಕಿಂತ ಕೆಳಗಿಳಿಯಿತು. ಜುಲೈ ಐದರಂದು ಪ್ರಣೀತಾ ಒಂದು ಸೂಚನೆ ಹಾಕಿದಳು. ಅಪ್ಪಿಯಮ್ಮ ಅದನ್ನು ಮೂರು ಸಲ ಓದಿದರು. 'ಎರಡನೆಯ ಭಾಗ ಮೊದಲನೆಯದಕ್ಕೆ ಸಮನಾಗಿಲ್ಲ ಎಂದು ನೀವೆಲ್ಲ ಹೇಳುತ್ತಿದ್ದೀರಿ. ನನಗೂ ಹಾಗೇ ಅನ್ನಿಸುತ್ತಿದೆ. ಇದೇ ಇಪ್ಪತ್ತನೇ ತಾರೀಕಿಗೆ ಈ ಕಥೆಯನ್ನು ಅಳಿಸಿ ಹಾಕುತ್ತೇನೆ. ಕ್ಷಮಿಸಿ.'

ಮಧ್ಯಾಹ್ನ ಮೂರು ಗಂಟೆ. ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗುವ ಹೊತ್ತು. ಅಪ್ಪಿಯಮ್ಮ ಫೋನು ಹಿಡಿದುಕೊಂಡು ಗಲ್ಲಾದ ಹತ್ತಿರ ಬಂದರು.

"ಇದು ಅಳಿಸಿದರೆ ಮತ್ತೆ ಸಿಗ್ತದಾ?"

"ಇಲ್ಲ ಮಾಮಿ. ಹೋದ್ರೆ ಹೋಯ್ತು." ರಕ್ಷಿತ ಕಣ್ಣೆತ್ತಲಿಲ್ಲ. "ಒಳ್ಳೇದಾಯ್ತು ಬಿಡಿ. ನಾನು ಒಂದೇ ನಕ್ಷತ್ರ ಕೊಟ್ಟದ್ದು."

"ನೀನು ಎಷ್ಟು ಓದಿದ್ದಿ?"

"ಹನ್ನೊಂದು ಅಧ್ಯಾಯ. ಸಾಕಾಯ್ತು ನನಗೆ. ಮೊದಲನೆಯದರ ಹತ್ರಕ್ಕೂ ಬರೂದಿಲ್ಲ ಅದು."

"ಮೊದಲನೆಯದು ಓದಿ ಎಷ್ಟು ವರ್ಷ ಆಯ್ತು ನೀನು?"

"ನಾಲ್ಕೈದು ವರ್ಷ ಆಗಿರ್ಬೇಕು. ನೆನಪುಂಟಲ್ಲ ಮಾಮಿ ಎಲ್ಲ. ಎಂಥಾ ಕಥೆ ಮಾರಾಯ್ರೆ ಅದು."

"ನೆನಪುಂಟು," ಎಂದರು ಅಪ್ಪಿಯಮ್ಮ. "ಬಟ್ಟಲು ಎಲ್ಲುಂಟು?"

ರಕ್ಷಿತ ಆಗ ಕಣ್ಣೆತ್ತಿದಳು. ಅತ್ತೆಯ ಮುಖ ನೋಡಿದರೆ ಮಾತು ಮುಂದುವರಿಸಿ ಪ್ರಯೋಜನವಿಲ್ಲ ಎಂದು ಗೊತ್ತಾಗುತ್ತಿತ್ತು.

ಅಪ್ಪಿಯಮ್ಮನಿಗೆ ಬೇಕಾದದ್ದು ದೊಡ್ಡದೇನಲ್ಲ. ತಾರಿಣಿ ಆ ಸೇತುವೆಯನ್ನು ತನ್ನ ಕಾಲಿನಲ್ಲಿ ದಾಟಬೇಕು. ಆಚೆ ದಡದಲ್ಲಿ ಏನಿದೆ ಎಂದು ಅವರಿಗೆ ತಿಳಿಯಬೇಕು. ಕಥೆ ಅಳಿಸಿ ಹೋದರೆ ಆ ದಡ ಯಾರಿಗೂ ಗೊತ್ತಾಗುವುದಿಲ್ಲ, ಬರೆದವಳನ್ನೂ ಸೇರಿಸಿ. ನಿಲ್ಲಿಸಬೇಡ ಎಂದು ಹೇಳುವುದು ಸುಲಭ. ಆದರೆ ಸಮ ಇಲ್ಲ ಎಂದು ನೂರು ಮಂದಿ ಹೇಳಿದ್ದಾರೆ. ಅದಕ್ಕೆ ಎದುರು ಮಾತಾಡಬೇಕಾದರೆ ಸಮ ಇದೆಯೋ ಇಲ್ಲವೋ ಮೊದಲು ತಮಗೇ ಗೊತ್ತಿರಬೇಕು. ಎರಡನೆಯದು ಈಗಷ್ಟೇ ಓದಿದ್ದು, ನಾಲಗೆಯ ಮೇಲೇ ಇದೆ. ಮೊದಲನೆಯದು ಬರೀ ನೆನಪು. ಹಾಗಾಗಿ ಎಂಬತ್ತಾರು ಅಧ್ಯಾಯ ಇನ್ನೊಮ್ಮೆ ಓದಬೇಕು, ಇಪ್ಪತ್ತನೇ ತಾರೀಕಿನ ಒಳಗೆ.

ಅವರು ಬೆರಳು ಮಡಚಿ ಹೊಂದಿಸಿಕೊಂಡರು. ಬೆಳಿಗ್ಗೆ ಸ್ನಾನವಾದ ಮೇಲೆ ಮೂರು, ಮಧ್ಯಾಹ್ನ ನಾಲ್ಕು. ದಿನಕ್ಕೆ ಏಳು. ಹನ್ನೆರಡು ದಿನಕ್ಕೆ ಎಂಬತ್ತನಾಲ್ಕು. ಕೊನೆಯ ದಿನ ಎರಡು ಹೆಚ್ಚಿಗೆ.

ಆರನೇ ತಾರೀಕಿಗೆ ಶುರು. ಕಿಟಕಿಯ ಕಟ್ಟೆಯ ಪಕ್ಕದಲ್ಲಿ ಒಂದು ಸ್ಟೂಲು, ಮಡಿಲಲ್ಲಿ ಫೋನು, ಕೈಯ ಹತ್ತಿರ ಒಂದು ಲೋಟ ನೀರು. ಹೊರಗೆ ಮಳೆ ಬರುತ್ತಿತ್ತು, ಓಣಿಯಲ್ಲಿ ಕಂಪನಿ ಬಸ್ಸುಗಳು ನೀರು ಎರಚಿಕೊಂಡು ಹೋಗುತ್ತಿದ್ದವು. ಅಪ್ಪಿಯಮ್ಮ ಸಾಲಿನ ಕೆಳಗೆ ಬೆರಳು ಇಟ್ಟು ಓದಿದರು. ಬೆರಳು ತಾಗಿದರೆ ಫೋನಿನಲ್ಲಿ ಪುಟ ಓಡಿಹೋಗುತ್ತದೆ. ಅದಕ್ಕೆ ಅವರು ಬೆರಳನ್ನು ತಾಗಿಸದೆ ಗಾಜಿನ ಮೇಲೆ ಒಂದು ಅಕ್ಕಿಕಾಳಿನಷ್ಟು ಎತ್ತರದಲ್ಲಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಸುಖೇಶ್ ಒಂದು ದಿನ ನೋಡಿದ, ಎರಡು ದಿನ ನೋಡಿದ. "ಅಮ್ಮಾ, ಪರೀಕ್ಷೆ ಉಂಟಾ ನಿಂಗೆ?"

"ಉಂಟು. ಇಪ್ಪತ್ತಕ್ಕೆ."

"ಕಣ್ಣು ಹಾಳಾಗ್ತದೆ ಹೀಗೆ ಓದಿದ್ರೆ. ಯಾವುದೋ ಹುಡುಗಿ ಬರೆದದ್ದು, ಅವಳಿಗೇ ಬೇಡವಂತೆ. ನಿಂಗೆಂತಕ್ಕೆ?"

"ನಿನ್ನ ಅಡುಗೆಯ ದತ್ತುವಿಗೂ ದಿನಾ ಹನ್ನೊಂದು ಗಂಟೆಗೆ ಆ ಟೋಪು ಬೇಡವೇ ಬೇಡ. ಹಾಗಂತ ಚೆಲ್ಲಲಿಕ್ಕೆ ಬಿಡ್ತೀಯಾ ನೀನು?"

ಸುಖೇಶ್ ನಕ್ಕು ಒಳಗೆ ಹೋದ. ಸಂಜೆ ಬರುವಾಗ ಕಣ್ಣಿಗೆ ಹಾಕುವ ಹನಿಯ ಬಾಟ್ಲಿ ತಂದು ಕಟ್ಟೆಯ ಮೇಲಿಟ್ಟ.

ಓದುತ್ತ ಹೋದ ಹಾಗೆ ಅಪ್ಪಿಯಮ್ಮನಿಗೆ ಒಂದು ಆಶ್ಚರ್ಯ ಕಾದಿತ್ತು. ನೆನಪಿನಲ್ಲಿ ಇದ್ದಷ್ಟು ಮೊದಲ ಭಾಗ ಇರಲಿಲ್ಲ. ಚೆನ್ನಾಗಿತ್ತು, ಅದರಲ್ಲಿ ಮಾತಿಲ್ಲ. ಐದನೆಯ ಗಡಿಗೆ ಒಡೆಯುವ ಜಾಗದಲ್ಲಿ ಈಗಲೂ ಅವರ ಕೈ ಲೋಟಕ್ಕೆ ಹೋಗಿ ಅಲ್ಲೇ ನಿಂತಿತು. ಆದರೆ ನಲವತ್ತೊಂದರಿಂದ ನಲವತ್ತಾರರವರೆಗೆ ಕಥೆ ಕುಂಟುತ್ತಿತ್ತು. ತಾರಿಣಿ ಒಂದೇ ಕಾಡಿನಲ್ಲಿ ಸುತ್ತುತ್ತಾಳೆ, ಒಂದೇ ಮಾತು ಎರಡು ಸಲ ಹೇಳುತ್ತಾಳೆ. ಏಳನೆಯ ಗಾಳಿಗೂ ಎಂಟನೆಯ ಗಾಳಿಗೂ ಹೆಸರು ಬಿಟ್ಟರೆ ವ್ಯತ್ಯಾಸವೇ ಇಲ್ಲ. ಅಂದು ಇದು ತಮಗೆ ಯಾಕೆ ಕಾಣಲಿಲ್ಲ?

ಯೋಚಿಸಿದರೆ ಕಾರಣ ಗೊತ್ತಿದ್ದದ್ದೇ. ಸಂಕಪ್ಪನವರು ಹೇಳುತ್ತಿದ್ದರು, ಬೆಳಿಗ್ಗೆ ಆರಕ್ಕೆ ಬರುವವನು ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದಿರುತ್ತಾನೆ, ಅವನ ಹಸಿವೇ ನಮ್ಮ ಸಾಂಬಾರಿಗೆ ಅರ್ಧ ಉಪ್ಪು ಹಾಕಿರುತ್ತದೆ ಎಂದು. ಹನ್ನೊಂದಕ್ಕೆ ಬರುವವನು ಮನೆಯಲ್ಲಿ ಏನೋ ತಿಂದು ಬಂದಿರುತ್ತಾನೆ, ಅವನಿಗೆ ಪೂರಾ ಉಪ್ಪು ನಾವೇ ಹಾಕಬೇಕು. ಲಾಕ್‌ಡೌನಿನಲ್ಲಿ ಆ ಕಥೆ ಓದಿದವರೆಲ್ಲ ಹಸಿದವರೇ. ಬಾಗಿಲು ಮುಚ್ಚಿದ ಮನೆಯಲ್ಲಿ ಕೂತವರಿಗೆ ಗಾಳಿ ಬಿಡಿಸುವ ಕಥೆ. ಅದಕ್ಕೆ ಅರ್ಧ ಉಪ್ಪು ಓದುವವರೇ ಹಾಕಿದ್ದರು.

ಹಾಗಾದರೆ ಎರಡನೆಯದರಲ್ಲಿ ತಪ್ಪಿಲ್ಲವೇ? ಇದೆ. ಎಲ್ಲೋ ಒಂದು ಕಡೆ ಬಾಯಿ ಕೆಡುತ್ತದೆ. ಇಪ್ಪತ್ತನಾಲ್ಕರಿಂದ ಆಚೆಗೆ ಎಂದು ಅವರಿಗೆ ಗೊತ್ತಾಗಿತ್ತು. ಏನು ಎಂದು ಗೊತ್ತಾಗಿರಲಿಲ್ಲ. ಯುದ್ಧ ಮೊದಲನೆಯದರಲ್ಲೂ ಇತ್ತು, ಅಲ್ಲಿ ಚೆನ್ನಾಗಿತ್ತು. ಕರಾಳಸೇನನೂ ಅಲ್ಲಿ ಚೆನ್ನಾಗಿದ್ದ. ಅದೇ ಯುದ್ಧ, ಅದೇ ಮನುಷ್ಯ, ಇಲ್ಲಿ ಯಾಕೆ ರುಚಿಸುವುದಿಲ್ಲ? ಏನೆಂದು ಹೇಳಲು ಬಾರದೆ ಹೋದರೆ ತಾವು ಹೇಳುವುದೂ "ಚೆನ್ನಾಗಿಲ್ಲ" ಎಂದ ಹಾಗೇ ಆಗುತ್ತದೆ. ಹದಿನೇಳನೇ ತಾರೀಕಿಗೆ ಲೆಕ್ಕದ ಪ್ರಕಾರ ಎಂಬತ್ತಾರೂ ಮುಗಿಯಿತು. ಉತ್ತರ ಸಿಗಲಿಲ್ಲ.

ಹದಿನೆಂಟಕ್ಕೆ ಹನ್ನೊಂದು ಗಂಟೆಯ ಬಟ್ಟಲುಗಳು ಬಂದವು. ಅಡುಗೆಯ ದತ್ತು ಜತ್ತದ ಕಡೆಯವನು, ನಲವತ್ತು ದಾಟಿದವನು, ಕೈ ಚುರುಕು. ಬಟ್ಟಲು ಇಟ್ಟವನು ಎಂದಿನಂತೆ ಬಾಗಿಲಿಗೆ ಒರಗಿ ನಿಲ್ಲದೆ ಒಳಗೆ ಹೋದ. ಅಪ್ಪಿಯಮ್ಮ ಆರಲು ಬಿಟ್ಟರು. ಎರಡನೆಯದರಿಂದ ಒಂದು ಚಮಚ. ಎರಡು ಗುಟುಕು ನೀರು. ಬೆಳಗಿನದರಿಂದ ಒಂದು ಚಮಚ. ನೀರು. ಮತ್ತೆ ಎರಡನೆಯದರಿಂದ.

"ದತ್ತೂ."

"ಏನ್ರೀ ಅಮ್ಮಾರ?"

"ಇಲ್ಲಿ ಬಾ. ಇದರಲ್ಲಿ ಎಂತ ಹಾಕಿದ್ದಿ?"

"ಯಾವಾಗ್ಲೂ ಹಾಕೂದ ಹಾಕೀನ್ರಿ. ಬ್ಯಾಳಿ, ನುಗ್ಗಿಕಾಯಿ, ಮಸಾಲಿ."

"ಮತ್ತೆ?"

ದತ್ತು ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡ. "ಮುಂಜಾನೀದು ನಾಕ್ ಸೌಟು ಉಳದಿತ್ರಿ. ಇದು ಯಾಕೋ ನೀರ್ ನೀರ್ ಅನಸ್ತು. ಗಿರಾಕಿ ಬ್ಯಾರೆ ಬಂದ್ ಕುಂತಿದ್ರು. ಮುಂಜಾನೀದು ಭಾಳ ಚಲೋ ಆಗಿತ್ತಲ್ರಿ, ಅದನ್ನ ಇದರಾಗ ಹೊಯ್ದ್ರ ಇದೂ ಚಲೋ ಆಗ್ತದ ಅಂತ ಹೊಯ್ದೆ."

"ಆಯ್ತಾ ಚಲೋ?"

"ನೀವ ಹೇಳ್ಬೇಕ್ರಿ."

"ಬೆಳಗಿನದು ಐದು ಗಂಟೆ ಸಣ್ಣ ಒಲೆ ಮೇಲೆ ಬಿಸಿಗೆ ಕೂತದ್ದು. ನುಗ್ಗೆ ಕರಗಿದೆ, ಹುಳಿ ಏರಿದೆ. ಅದು ಬೆಳಿಗ್ಗೆ ಒಳ್ಳೆಯದಿತ್ತು, ಬೆಳಿಗ್ಗೆಗೆ. ಇದರ ಕೊತ್ತಂಬರಿಯ ಪರಿಮಳ ಎಲ್ಲಿಗೆ ಹೋಯ್ತು? ನಿನ್ನ ನಾಲ್ಕು ಸೌಟು ನುಂಗಿತು. ಅದರದ್ದೂ ಅಲ್ಲ, ಇದರದ್ದೂ ಅಲ್ಲ, ಈಗ ಇದು ಎಂತದು? ನೀರು ನೀರು ಅನ್ನಿಸಿದ್ರೆ ಇನ್ನೂ ಹತ್ತು ನಿಮಿಷ ಕುದಿಸಬೇಕಿತ್ತು. ಇದು ತಪ್ಪಾಗಿರಲಿಲ್ಲ ಮಾರಾಯ. ಆಗಿರಲಿಲ್ಲ, ಅಷ್ಟೇ. ನೀನು ಹೆದರಿದ್ದು..."

ಅಲ್ಲಿಗೆ ಅಪ್ಪಿಯಮ್ಮನ ಮಾತು ನಿಂತಿತು. ಚಮಚ ಕೈಯಲ್ಲೇ ಇತ್ತು. ದತ್ತು ಇನ್ನೂ ಬೈಗುಳ ಬಾಕಿ ಇದೆ ಎಂದು ಕಾದು ನಿಂತ. ಬರಲಿಲ್ಲ.

"ಅಮ್ಮಾರ, ಆರಾಮ್ ಅದೀರಿಲ್ಲೋ?"

"ಆರಾಮ್ ಇದ್ದೇನೆ. ಈ ಟೋಪು ನಮ್ಮ ಮಧ್ಯಾಹ್ನದ ಊಟಕ್ಕೆ. ಗಿರಾಕಿಗೆ ಬೇರೆ ಇಡು. ಅರ್ಧ ಗಂಟೆ ಚಟ್ನಿಯಲ್ಲಿ ಸುಧಾರಿಸಿಕೊಳ್ಳಲಿ." ಚಮಚ ಕೆಳಗಿಟ್ಟು ಹೇಳಿದರು, "ದತ್ತೂ, ನಿನ್ನಿಂದ ಒಂದು ಉಪಕಾರ ಆಯ್ತು ನನಗೆ."

ದತ್ತು ಒಳಗೆ ಹೋಗಿ ಪಾತ್ರೆ ತಿಕ್ಕುವವಳಿಗೆ, ಅಮ್ಮಾರು ಇವತ್ತು ಬೈದು ಥ್ಯಾಂಕ್ಸ್ ಹೇಳಿದರು ಎಂದು ಹೇಳಿದ.

ಉಳಿದದ್ದು ಅದನ್ನು ಕಥೆಯ ಕೆಳಗೆ ಬರೆಯುವುದು. ಓದಲು ಕಲಿತಿದ್ದರೇ ಹೊರತು ಅಪ್ಪಿಯಮ್ಮ ಫೋನಿನಲ್ಲಿ ಒಂದು ಸಾಲೂ ಬರೆದವರಲ್ಲ. ಮಧ್ಯಾಹ್ನ ಅವರು ಫೋನಿನ ಕೀಲಿಮಣೆ ತೆರೆದು ಕೂತಿದ್ದು ನೋಡಿ ರಕ್ಷಿತಳೇ ಬಂದಳು.

"ಕೊಡಿ ಮಾಮಿ, ನೀವು ಹೇಳಿ, ನಾನು ಹಾಕ್ತೇನೆ. ಎರಡು ನಿಮಿಷದ ಕೆಲಸ."

"ಬೇಡ. ನೀನು ಒಂದು ನಕ್ಷತ್ರ ಕೊಟ್ಟವಳು."

"ಅದಕ್ಕೆ? ನೀವು ಹೇಳಿದ್ದೇ ಬರೀತೇನಲ್ಲ."

"ನಾನು ಹೇಳಿದ್ದನ್ನು ಚಂದ ಮಾಡ್ತಿ ನೀನು. ಚಂದ ಮಾಡಿದ ಮೇಲೆ ಅದು ನಾನು ಹೇಳಿದ್ದು ಆಗೂದಿಲ್ಲ. ಒತ್ತಕ್ಷರ ಎಲ್ಲಿ ಉಂಟು ತೋರಿಸು, ಸಾಕು."

ರಕ್ಷಿತ ತೋರಿಸಿದಳು. ಆ ದಿನ ಐದು ಗಂಟೆಗೆ ಆರು ಸಾಲು ಆಗಿತ್ತು. ಆರೂವರೆಗೆ ಎಲ್ಲೋ ಬೆರಳು ತಾಗಿ ಆರು ಸಾಲೂ ಹೋಯಿತು. ಅಪ್ಪಿಯಮ್ಮ ಖಾಲಿ ಚೌಕವನ್ನು ಸ್ವಲ್ಪ ಹೊತ್ತು ನೋಡಿ ಫೋನು ಚಾರ್ಜಿಗೆ ಹಾಕಿದರು. ಹತ್ತೊಂಬತ್ತಕ್ಕೆ ಸ್ನಾನ ಮುಗಿಸಿ ಮೊದಲಿನಿಂದ ಶುರು ಮಾಡಿದರು. ಹನ್ನೊಂದಕ್ಕೆ ಬಟ್ಟಲು ನೋಡಲು ಎದ್ದದ್ದು ಬಿಟ್ಟರೆ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಕಳಿಸುವ ತನಕ ಸ್ಟೂಲು ಬಿಡಲಿಲ್ಲ. ಅವರು ಬರೆದದ್ದು ಇಷ್ಟು:

'ನಾನು ಅಪ್ಪಿ. ಪಿಂಪ್ರಿಯಲ್ಲಿ ಸಂಕಪ್ಪನ ಹೋಟೆಲು ನಮ್ಮದು. ಎರಡೂ ಪೂರಾ ಓದಿ ಹೇಳುತ್ತೇನೆ. ಮೊದಲನೆಯದು ಈ ತಿಂಗಳು ಇನ್ನೊಮ್ಮೆ ಓದಿದೆ. ಅದರಲ್ಲಿ ನಲವತ್ತೊಂದರಿಂದ ನಲವತ್ತಾರು ಸಪ್ಪೆ. ಆಗ ನಮಗೆ ಹಸಿವು ಇತ್ತು. ಅದಕ್ಕೆ ಗೊತ್ತಾಗಲಿಲ್ಲ. ಎರಡನೆಯದು ಒಂದರಿಂದ ಇಪ್ಪತ್ತಮೂರು ಮೊದಲನೆಯದಕ್ಕೆ ಸಮ. ಒಂಬತ್ತನೆಯದು ಅದಕ್ಕಿಂತ ಮೇಲೆ. ತಾರಿಣಿ ಬಾವಿಯ ಹತ್ತಿರ ಕೂತು ಗಾಳಿಗಳ ಹೆಸರು ಒಂದೊಂದೇ ಮರೆಯುತ್ತಾಳಲ್ಲ ಅದು. ಇಪ್ಪತ್ತನಾಲ್ಕರಿಂದ ಮೂವತ್ತೊಂದು ಸಮ ಅಲ್ಲ. ಅದು ಎರಡನೆಯದು ಅಲ್ಲವೇ ಅಲ್ಲ. ಬೆಳಗಿನ ಸಾಂಬಾರು ತಂದು ಹನ್ನೊಂದು ಗಂಟೆಯದಕ್ಕೆ ಹೊಯ್ದ ಹಾಗೆ. ಕರಾಳಸೇನ ಸತ್ತವನು ಸತ್ತೇ ಇರಲಿ. ನೀವು ಹೆದರಿ ಹೊಯ್ದದ್ದು. ಇಪ್ಪತ್ತಮೂರರ ತನಕದ್ದು ಕೆಟ್ಟಿರಲಿಲ್ಲ. ಇನ್ನೂ ಕುದಿಯಬೇಕಿತ್ತು. ಅಳಿಸಬೇಡಿ. ಎಂಟು ಅಧ್ಯಾಯ ಮಾತ್ರ ತೆಗೆಯಿರಿ. ಇಪ್ಪತ್ತಮೂರಕ್ಕೆ ಹೋಗಿ ಅಲ್ಲಿಂದ ಮತ್ತೆ ಒಲೆಗೆ ಇಡಿ. ತಾರಿಣಿ ಸೇತುವೆಯನ್ನು ನಡೆದು ದಾಟಲಿ. ಅವಳಿಗೆ ಆಗುತ್ತದೆ. ನಕ್ಷತ್ರ ಆಮೇಲೆ ಕೊಡುತ್ತೇನೆ.'

ಇಪ್ಪತ್ತನೇ ತಾರೀಕು ಭಾನುವಾರ. ಅಪ್ಪಿಯಮ್ಮ ಬೆಳಿಗ್ಗೆ ನೋಡಿದರು, ಕಥೆ ಇತ್ತು. ಒಂಬತ್ತಕ್ಕೆ ನೋಡಿದರು, ಇತ್ತು. ಹತ್ತೂವರೆಗೆ ನೋಡಿದರು. 'ಈ ಪುಟ ಲಭ್ಯವಿಲ್ಲ' ಎಂದು ಬಂತು.

ಅವರು ಫೋನು ಕಟ್ಟೆಯ ಮೇಲಿಟ್ಟರು. ಹನ್ನೊಂದಕ್ಕೆ ದತ್ತು ಎರಡು ಬಟ್ಟಲು ತಂದಿಟ್ಟ. ಅವನ್ನು ಆರಲು ಬಿಟ್ಟು ಕೈ ತೊಳೆದುಕೊಂಡು ಬಂದರು. ಗಲ್ಲಾದ ಹತ್ತಿರ ಯಾರೋ ಹುಡುಗಿ ಒದ್ದೆ ಕೊಡೆ ಹಿಡಿದು ನಿಂತಿದ್ದಳು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ರಕ್ಷಿತ ಅತ್ತೆಯ ಕಡೆ ಕೈ ತೋರಿಸಿದಳು.

"ಆಂಟಿ, ಅಪ್ಪಿ ಅಂದ್ರೆ ನೀವೇನಾ?"

"ಹೌದು. ಎಂತ ಬೇಕಿತ್ತು?"

"ನಾನು ಪ್ರಣೀತಾ. ವಾಕಡ್‌ನಿಂದ ಬಂದೆ. ಮ್ಯಾಪ್‌ನಲ್ಲಿ ಸಂಕಪ್ಪನ ಹೋಟೆಲ್ ಅಂತ ಹಾಕಿದ್ರೆ ಸೀದಾ ತೋರಿಸ್ತು. ನಿಮ್ಮ ಕಾಮೆಂಟ್ ನೋಡಿ..."

"ಅಳಿಸಿದಿರಲ್ಲ," ಎಂದರು ಅಪ್ಪಿಯಮ್ಮ.

"ಅಳಿಸಿಲ್ಲ ಆಂಟಿ. ಹೈಡ್ ಮಾಡಿದೀನಿ ಅಷ್ಟೇ, ಯಾರಿಗೂ ಕಾಣಲ್ಲ. ಅಳಿಸೋಕೆ ಅಂತಾನೇ ಕೂತಿದ್ದೆ, ಆಗಲಿಲ್ಲ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳುವಿರಂತೆ. ಕೂತುಕೊಳ್ಳಿ. ಇದು ಆರಿದೆ, ಮೊದಲು ಇದು ಆಗಲಿ."

ಪ್ರಣೀತಾ ಕೂತಳು. ಮೈಸೂರಿನ ಕಡೆಯ ಹುಡುಗಿ, ಮೂವತ್ತರ ಆಸುಪಾಸು, ಉಗುರು ಕಚ್ಚುವ ಅಭ್ಯಾಸ ಇದ್ದ ಹಾಗಿತ್ತು. ಅಪ್ಪಿಯಮ್ಮ ಎರಡನೆಯ ಬಟ್ಟಲಿನಿಂದ ಒಂದು ಚಮಚ ಕುಡಿದರು. ನೀರು. ಮೊದಲನೆಯದರಿಂದ ಒಂದು ಚಮಚ. ಕಣ್ಣು ಮುಚ್ಚಲಿಲ್ಲ, ತಲೆ ಆಡಿಸಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದರು.

"ಉಪ್ಪು ಒಂದು ಚಿಟಿಕೆ. ಉಳಿದದ್ದು ಸಮ," ಎಂದರು. ದತ್ತು ಬಾಗಿಲಿನಿಂದ ಹೋದ. ಒಳಗೆ ಸೌಟು ಟೋಪಿಗೆ ಬೀಳುವ ಸದ್ದು ಕೇಳಿಸಿತು.

"ಈಗ ಕೇಳಿ."

"ನಾನು ಹೆದರಿದೆ ಅಂತ ಬರೆದಿದ್ರಲ್ಲ. ಅದು ನಿಮಗೆ ಹೇಗೆ ಗೊತ್ತಾಯ್ತು?"

"ಹೆದರಿದವರು ಬೆಳಗಿನದನ್ನೇ ಹೊಯ್ಯುವುದು. ನಮ್ಮ ದತ್ತುವೂ ಹಾಗೆಯೇ."

ಹುಡುಗಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಸೇತುವೆ ಮೇಲೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು ಆಂಟಿ. ನಾಲ್ಕು ಚಾಪ್ಟರ್ ಪ್ಲ್ಯಾನ್ ಮಾಡಿ ಇಟ್ಕೊಂಡಿದ್ದೆ. ಸುಮ್ನೆ ನಡೀತಾಳೆ. ಆದ್ರೆ ದಿನಾ ಬೋರ್ ಬೋರ್ ಅಂತ ಕಾಮೆಂಟ್ ಬರ್ತಿತ್ತು. ಇನ್ನೂ ನಾಲ್ಕು ಚಾಪ್ಟರ್ ನಡೆಸಿದ್ರೆ ಯಾರೂ ಉಳಿಯಲ್ಲ ಅಂತ ಅನ್ನಿಸ್ತು. ಅದಕ್ಕೆ ಕರಾಳಸೇನನ್ನ ತಂದೆ. ಫಸ್ಟ್ ಪಾರ್ಟಲ್ಲಿ ಎಲ್ರಿಗೂ ಅವನೇ ಇಷ್ಟ ಇದ್ದಿದ್ದು."

"ಅಲ್ಲಿ ಇಷ್ಟವೇ. ನನಗೂ."

"ಈಗ ಆ ಎಂಟು ಚಾಪ್ಟರ್ ಏನ್ ಮಾಡಲಿ? ಎರಡು ತಿಂಗಳ ಕೆಲಸ. ಎಸೆಯೋಕೆ ಹೊಟ್ಟೆ ಉರಿಯುತ್ತೆ."

"ನಾವು ಆ ದಿನದ ಟೋಪು ಎಸೀಲಿಲ್ಲ. ನಾವೇ ಉಂಡೆವು. ನಿಮ್ಮದು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಬೇಕಾದಾಗ ನೀವು ಓದಿ. ಗಿರಾಕಿಗೆ ಬೇಡ."

"ಇಪ್ಪತ್ತಮೂರರಿಂದ ಮತ್ತೆ ಬರೆದ್ರೂ ಅವರು ಬೋರ್ ಅಂತಾನೇ ಅಂದ್ರೆ?"

"ಅಂದರೆ ಅಂದಾರು. ಬೋರ್ ಅಂದವರು ಎಷ್ಟು ಓದಿ ಹೇಳಿದ್ದು ಅಂತ ನೀವು ಕೇಳಿದ್ದೀರಾ? ಒಬ್ಬರು ಹನ್ನೊಂದು ಓದಿ ಹೇಳಿದ್ದು. ಅಲ್ಲೇ ಕೂತಿದ್ದಾಳೆ, ನೋಡಿ."

ಗಲ್ಲಾದಲ್ಲಿ ರಕ್ಷಿತ ಚಿಲ್ಲರೆಯ ಡಬ್ಬದ ಒಳಗೆ ಮುಖ ಹಾಕಿದಳು.

"ಒಂದು ಮಾತು," ಎಂದರು ಅಪ್ಪಿಯಮ್ಮ. "ನಾನು ಸಮ ಅಂದದ್ದು ಇಪ್ಪತ್ತಮೂರರ ತನಕದ ಮಾತು. ಮುಂದಿನದು ನೋಡಿ ಹೇಳುವುದು. ನನಗೆ ಪಾಪ ಅಂತ ಕಂಡು ಒಳ್ಳೆಯದು ಹೇಳಲಿಕ್ಕಿಲ್ಲ. ಸರಿಯಾ?"

"ಸರಿ ಆಂಟಿ," ಎಂದಳು ಪ್ರಣೀತಾ. "ಪಾಪ ಅನ್ನೋರು ಬೇಡ ನನಗೆ. ಅಮ್ಮ ಒಬ್ರೇ ಸಾಕು, ಐದು ಸ್ಟಾರ್ ಕೊಡ್ತಾರೆ, ಓದೋದೇ ಇಲ್ಲ."

ಆ ದಿನ ಅವಳು ಎರಡು ಇಡ್ಲಿ, ಒಂದು ವಡೆ ತಿಂದು ಎರಡು ಸಲ ಸಾಂಬಾರ್ ಹಾಕಿಸಿಕೊಂಡಳು. ಸಂಜೆ ಐದಕ್ಕೆ ಕಥೆ ಮತ್ತೆ ಕಾಣಿಸಿತು. ಇಪ್ಪತ್ತಮೂರು ಅಧ್ಯಾಯ ಮಾತ್ರ ಇತ್ತು. ಕೆಳಗೆ ಒಂದು ಸಾಲು: 'ಮುಂದಿನದು ಕುದಿಯುತ್ತಿದೆ.' ಓದುಗರು ಅದರ ಕೆಳಗೆ ಏನೇನೋ ಬರೆದಿದ್ದರು. ಅಪ್ಪಿಯಮ್ಮ ಅದನ್ನು ಓದಲಿಲ್ಲ.

ಹೊಸ ಇಪ್ಪತ್ತನಾಲ್ಕು ಬಂದದ್ದು ಒಂದು ತಿಂಗಳು ಕಳೆದು, ಒಂದು ಗುರುವಾರ ಮಧ್ಯಾಹ್ನ. ಆ ಹೊತ್ತಿಗೆ ರಕ್ಷಿತ ಹನ್ನೆರಡರಿಂದ ಇಪ್ಪತ್ತಮೂರರ ತನಕ ಯಾರಿಗೂ ಹೇಳದೆ ಓದಿ ಮುಗಿಸಿದ್ದಳು. ಗಲ್ಲಾದಲ್ಲಿ ಕೂತಲ್ಲೇ ಹೊಸದನ್ನು ಹದಿನೈದು ನಿಮಿಷದಲ್ಲಿ ಓದಿ ಎದ್ದು ಬಂದಳು. ಅತ್ತೆಯ ಸ್ಟೂಲಿನ ಪಕ್ಕ ನಿಂತಳು.

"ಮಾಮಿ, ಬಂತು. ಓದಿದ್ರಾ?"

"ಓದಿ ಆಯ್ತು."

"ಹೇಗುಂಟು? ಸಮ ಉಂಟಾ?"

ಅಪ್ಪಿಯಮ್ಮ ಫೋನನ್ನು ಕಟ್ಟೆಯ ಮೇಲೆ ಮಗುಚಿ ಇಟ್ಟರು, ಬೆಳಗಿನ ಬಟ್ಟಲು ಇಡುವ ಜಾಗದ ಪಕ್ಕದಲ್ಲೇ. ತಾರಿಣಿ ಸೇತುವೆಯ ಮೇಲೆ ನೂರ ಹನ್ನೆರಡು ಹಲಗೆ ದಾಟಿದ್ದಳು. ಅವರು ಎಣಿಸಿಕೊಂಡು ಓದಿದ್ದರು. ಆಚೆ ದಡ ಇನ್ನೂ ಕಂಡಿರಲಿಲ್ಲ.

"ಈಗಷ್ಟೇ ಇಳಿದದ್ದಲ್ವಾ," ಎಂದು ಲೋಟದ ನೀರು ಎರಡು ಗುಟುಕು ಕುಡಿದರು. "ಆರಲಿ."